ಬೆಲ್ಟಿಗೆ ಅರಿಶಿನ ಹಚ್ಚಿದ ಪ್ರಸಂಗ

ಕದಿರೇಶನಿಗೆ ಅರ್ಥವಾಗದ ವಿಷಯ ಎಂಬುದು ಈ ಲೋಕದಲ್ಲಿ ಇರಲಿಲ್ಲ. ಅರ್ಥವಾಗದ್ದನ್ನು ಅವನು ವಿಷಯವೆಂದೇ ಒಪ್ಪುತ್ತಿರಲಿಲ್ಲ, ಅಲ್ಲಿಗೆ ಮುಗಿಯಿತು. ಇಂಥ ಗಂಡನನ್ನು ಕಟ್ಟಿಕೊಂಡು ಟೇಕಲ್‌ನಲ್ಲಿ ಸಂಸಾರ ತೂಗಿಸುತ್ತಿದ್ದ ಶೋಭಾರಾಣಿಯ ತಾಳ್ಮೆಗೆ ಯಾವ ಬಣ್ಣದ ಬೆಲ್ಟು ಕೊಟ್ಟರೂ ಕಡಿಮೆಯೇ. ಆದರೆ ಬೆಲ್ಟು ಬಂದದ್ದು ಅವಳಿಗಲ್ಲ, ಅವನಿಗೆ. ದೇವರ ಲೆಕ್ಕಾಚಾರ ಯಾವಾಗಲೂ ಹೀಗೆಯೇ.

ಕದಿರೇಶ ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಸೂಪರ್‌ವೈಸರ್. ಆ ಕಂಪನಿಯಲ್ಲಿ ಮನುಷ್ಯನ ಯೋಗ್ಯತೆ ತಿಳಿಯುವುದು ಅವನ ತಲೆಯೊಳಗೆ ಏನಿದೆ ಎಂಬುದರಿಂದಲ್ಲ, ತಲೆಯ ಮೇಲೆ ಏನಿದೆ ಎಂಬುದರಿಂದ. ಕೆಲಸಗಾರರಿಗೆ ಹಳದಿ ಹೆಲ್ಮೆಟ್ಟು, ಸೂಪರ್‌ವೈಸರು ಮತ್ತು ಮೇಲಿನವರಿಗೆ ಬಿಳಿ ಹೆಲ್ಮೆಟ್ಟು. ಬಹಳ ವರ್ಷ ಹಳದಿಯೊಳಗೆ ಬೆವೆತ ಕದಿರೇಶ ಕಳೆದ ವರ್ಷವಷ್ಟೇ ಬಿಳಿಗೆ ಏರಿದ್ದ. ರಜದ ದಿನ ಆ ಹೆಲ್ಮೆಟ್ಟು ಮನೆಯ ಶೋಕೇಸಿನಲ್ಲಿ, ಶೋಭಾರಾಣಿಯ ಮದುವೆಯ ಬೆಳ್ಳಿ ಕುಂಕುಮ ಭರಣಿಯನ್ನು ಹಿಂದಕ್ಕೆ ತಳ್ಳಿ, ತಾನು ಮುಂದೆ ಕೂತಿರುತ್ತಿತ್ತು.

ಹೀಗಿರುವಾಗ ಡಾಕ್ಟರು ಅವನ ರಕ್ತ ಪರೀಕ್ಷೆ ಮಾಡಿಸಿ, ಸಕ್ಕರೆ ಏರುತ್ತಿದೆ, ಮೈ ಬಗ್ಗಿಸಿ ಎಂದರು. ಮೈ ಬಗ್ಗಿಸುವುದು ಹಳದಿ ಹೆಲ್ಮೆಟ್ಟಿನವರ ಕೆಲಸ ಎಂದು ನಂಬಿದ್ದ ಮನುಷ್ಯನಿಗೆ ಇದು ದೊಡ್ಡ ಪೆಟ್ಟು. ಆಗ ಮಗಳು ರಂಜಿತ ದಾರಿ ತೋರಿಸಿದಳು. ಏಳನೇ ಕ್ಲಾಸಿನ ಹುಡುಗಿ, ಚಿಕ್ಕಂದಿನಿಂದ ಊರಿನ ಶಾಲೆಯ ಮೈದಾನದಲ್ಲಿ ಕರಾಟೆ ಕಲಿಯುತ್ತಿದ್ದಳು. ಕಲಿಸಲು ಮಾಲೂರಿನಿಂದ ವೆಂಕಟ್ ಮಾಸ್ಟರು ಬೈಕಿನಲ್ಲಿ ಬರುತ್ತಿದ್ದರು. "ಅಪ್ಪ, ದೊಡ್ಡೋರೂ ಸೇರ್ಕೋಬೋದು. ನೀನೂ ಬಾ" ಎಂದಳು.

ಮೊದಲ ದಿನವೇ ಮಾಸ್ಟರು ಕದಿರೇಶನಿಗೆ ಬಿಳಿ ಡ್ರೆಸ್ಸು ಕೊಟ್ಟು, ಬಿಳಿ ಬೆಲ್ಟು ಕಟ್ಟಿದರು. ಕದಿರೇಶನ ಎದೆ ಉಬ್ಬಿತು. ನೋಡಿದ ತಕ್ಷಣ ಆಳನ್ನು ಅಳೆಯುವುದೆಂದರೆ ಇದು. (ಮಗಳಿಗೆ ಆಗಾಗ ಬೆಲ್ಟು ಬದಲಾಗುತ್ತಿದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಹುಡುಗಿ ಬೆಳೀತಾಳೆ, ಹಳೇದು ಸಾಲುವುದಿಲ್ಲ ಎಂದು ಅವನು ತೀರ್ಮಾನಿಸಿಬಿಟ್ಟಿದ್ದ.) ಮನೆಗೆ ಬಂದವನೇ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿದ್ದ ಹೆಂಡತಿಯ ತಮ್ಮ ಅನಿಲ್‌ಕುಮಾರನಿಗೆ ಫೋನು ಹಚ್ಚಿದ. ಈ ಭಾವಮೈದುನ ಯಾವುದರಲ್ಲೂ ಒಂದು ಕೈ ಮೇಲು. ಮನೆ ಮೊದಲು ಕಟ್ಟಿಸಿದವನು, ಕಾರು ಮೊದಲು ತಂದವನು, ಬೋಳುತಲೆ ಮಾತ್ರ ಕದಿರೇಶನ ನಂತರ.

"ಅನಿಲ, ಮೊದಲ್ನೇ ದಿನವೇ ಬಿಳಿ ಬೆಲ್ಟು ಕೊಟ್ಬಿಟ್ರು ಕಣಯ್ಯ."

"ಅಬ್ಬೋ, ಏಮಿ ಬಾವಾ ಇದಿ. ಅಷ್ಟು ಬೇಗನಾ?"

"ಯೋಗ್ಯತೆ ನೋಡ್ತಾರಪ್ಪ. ಹಳದಿ ಗಿಳದಿ ಎಲ್ಲಾ ಲೇಬರ್‌ಗೆ."

ಹೊಸ ಬಟ್ಟೆ ಮನೆಗೆ ಬಂದರೆ ಮೊದಲ ಅಧಿಕಾರ ತಾಯಿ ದೊಡ್ಡಗಂಗಮ್ಮನದು. ಆಕೆ ಅರಿಶಿನದ ಬಟ್ಟಲು ಹಿಡಿದೇ ಬಂದಳು. ಆ ಮನೆಯಲ್ಲಿ ಹೊಸ ಬಟ್ಟೆಯ ಅಂಚಿಗೆ ಚೂರು ಅರಿಶಿನ ತಗುಲದೆ ಅದು ಯಾರ ಮೈಯನ್ನೂ ಏರುವಂತಿರಲಿಲ್ಲ. ಶಾಲೆಯ ಯೂನಿಫಾರಮ್ಮಿಗೂ ಅಷ್ಟೇ, ಕರವಸ್ತ್ರಕ್ಕೂ ಅಷ್ಟೇ.

"ಲೇ ಕದಿರಾ, ಬರೀ ಬಿಳೀದು ಹಂಗೇ ಉಡಬಾರ್ದು ಕಣೋ. ಬರೀ ಬಿಳೀದು ಹೊದಿಸೋದು ಯಾವಾಗ ಅಂತ ನಿಂಗೇನು ಹೇಳ್ಕೊಡ್ಬೇಕಾ?" ಎನ್ನುತ್ತ ಅಂಗಿಯ ಅಂಚಿಗೊಂದು, ಬೆಲ್ಟಿನ ಎರಡು ತುದಿಗೂ ಒಂದೊಂದು ಬೊಟ್ಟು ಇಟ್ಟಳು. ಕದಿರೇಶ ತಡೆಯಲಿಲ್ಲ. ಶಾಸ್ತ್ರವೆಂದರೆ ಅವನಿಗೆ ಅಭ್ಯಂತರವಿರಲಿಲ್ಲ, ಮಾಡುವವರು ಬೇರೆಯವರಾದರೆ.

ಸತ್ಯದರ್ಶನವಾದದ್ದು ಎರಡನೆಯ ದಿನ. ಪಾಠ ಶುರುವಾಗುವ ಮುಂಚೆ ಎಲ್ಲರೂ ಸಾಲಾಗಿ ನಿಲ್ಲಬೇಕು. ಕದಿರೇಶ ಬಿಳಿ ಬೆಲ್ಟಿನ ಠೀವಿಯಲ್ಲಿ ನೇರ ಮುಂದೆ ಹೋಗಿ ನಿಂತ. ಹಸಿರು ಬೆಲ್ಟು ಕಟ್ಟಿದ್ದ ರಂಜಿತ ಓಡಿ ಬಂದು ಅವನ ತೋಳು ಹಿಡಿದಳು.

"ಅಪ್ಪ, ಇಲ್ಲಲ್ಲ. ನಿನ್ ಜಾಗ ಕೊನೇಲಿ."

"ಯಾಕಮ್ಮ? ಮಾಸ್ಟರು ಬಿಳಿ ಬೆಲ್ಟು ಕೊಟ್ಟವ್ರಲ್ಲ."

"ಅದಕ್ಕೇ. ಬಿಳಿ ಅಂದ್ರೆ ಏನೂ ಗೊತ್ತಿಲ್ದೋರು. ಆಮೇಲೆ ಹಳದಿ, ಕಿತ್ತಳೆ, ಹಸಿರು, ನೀಲಿ, ಕಂದು, ಕೊನೇಗೆ ಕಪ್ಪು. ನಂದು ಹಸಿರು. ಅಂದ್ರೆ ನಾನು ನಿನ್ ಸೀನಿಯರ್. ನೀನು ನಂಗೆ ಬಾಗಿ ನಮಸ್ಕಾರ ಮಾಡ್ಬೇಕು."

ಕದಿರೇಶ ಕೊನೆಗೆ ಹೋಗಿ ನಿಂತ. ಎಡಗಡೆ, ಮುಂದಿನ ಹಲ್ಲು ಬಿದ್ದಿದ್ದ ಒಂದು ಪುಟ್ಟ ಹುಡುಗಿ. ಬಲಗಡೆ ಶಾಲೆಯ ಕಾಂಪೌಂಡು. ಮಗಳು ಮುಂದೆ ನಿಂತು ಆಜ್ಞೆ ಕೂಗಿದಾಗ, ಮನೆಯಲ್ಲಿ ಟೀವಿ ರಿಮೋಟಿಗಾಗಿ ಅವಳನ್ನು ಗದರುತ್ತಿದ್ದ ಗೃಹಸ್ಥ ಸೊಂಟದಿಂದ ಬಾಗಿ ವಂದಿಸಿದ. ಸಕ್ಕರೆ ಅಂದೇ ಇಳಿದಿರಬೇಕು, ಮುಖದ ಮೇಲಂತೂ ಚೂರೂ ಉಳಿದಿರಲಿಲ್ಲ.

ಆದರೂ ಮೆಚ್ಚಬೇಕಾದ ಮಾತೊಂದಿದೆ. ಕದಿರೇಶ ಬಿಡಲಿಲ್ಲ. ಕೊನೆಯಲ್ಲಿ ನಿಂತೇ, ಒಂದೊಂದು ಹೊಡೆತಕ್ಕೂ ಕರಾಟೆಯವರು ಹಾಕುವ ಕೂಗನ್ನು ಗಂಟಲು ಹರಿಯುವಂತೆ ಹಾಕಿದ. ಕರಾಟೆಯ ಸಂಪ್ರದಾಯಗಳನ್ನೆಲ್ಲ ಕೇಳಿ ತಿಳಿದುಕೊಂಡ. ಒಂದೇ ವಾರದಲ್ಲಿ ಅವು ಅವನೇ ಮಾಡಿದ ಕಾನೂನಿನಂತೆ ಮನೆಯಲ್ಲಿ ಜಾರಿಗೆ ಬಂದವು. ಶೋಭಾರಾಣಿ ಒಂದು ದಿನ ಬೆಲ್ಟನ್ನು ಬಕೆಟ್ಟಿಗೆ ಹಾಕಲು ಹೋದಾಗ ಅವನು ಬಚ್ಚಲಿನ ಬಾಗಿಲಿಗೆ ಅಡ್ಡ ನಿಂತ.

"ಏಯ್, ಬೆಲ್ಟು ಒಗೆಯಂಗಿಲ್ಲ ಕಣೇ. ಡ್ರೆಸ್ಸು ಬೆಳ್ಳಗಿರ್ಬೇಕು, ಬೆಲ್ಟು ಮಾತ್ರ ನೀರು ಕಾಣಬಾರ್ದು. ಹಳೇ ಕಾಲದಲ್ಲಿ ಇದ್ದಿದ್ದು ಒಂದೇ ಬೆಲ್ಟಂತೆ. ಬೆವರು, ಮಣ್ಣು ಹತ್ತಿ ಹತ್ತಿ ಬಿಳೀದೇ ಕಪ್ಪಾಗ್ತಿತ್ತಂತೆ. ಒಗೆದ್ರೆ ವಿದ್ಯೆ ತೊಳೆದು ಹೋಯ್ತದೆ."

"ಹಂಗಾದ್ರೆ ನಿಮ್ ಬನಿಯನ್ನೂ ಒಗೆಯಲ್ಲ ಬಿಡ್ರಿ. ಅದ್ರಲ್ಲಿ ಇನ್ನೂ ಜಾಸ್ತಿ ವಿದ್ಯೆ ಐತೆ" ಎಂದು ಅವಳು ಬಕೆಟ್ಟು ಎತ್ತಿಕೊಂಡು ಹೋದಳು.

ಅಷ್ಟರಲ್ಲಿ ಅನಿಲ್‌ಕುಮಾರ ಸುಮ್ಮನಿರಬೇಕಲ್ಲ. ಮಂಡಿಯಲ್ಲಿ ಮಾವಿನ ಸುಗ್ಗಿ ಮುಗಿದಿತ್ತು, ಕೈಗೆ ಕೆಲಸವಿರಲಿಲ್ಲ, ಫೋನಿನಲ್ಲಿ ಹುಡುಕಿ ನೋಡಿಬಿಟ್ಟಿದ್ದ.

"ಬಾವಾ, ಬಿಳೀದು ಎಲ್ಲಕ್ಕಿಂತ ಕೆಳಗಂತೆ. ಇಲ್ಲೆಲ್ಲಾ ಹಂಗೇ ಬರೀತಾರೆ. ನಮ್ ಮಂಡೀಲಿ ಎಲ್ರಿಗೂ ಹೇಳ್ಬಿಟ್ಟಿದ್ದೆ, ನನ್ ಮರ್ವಾದೆ ಹೋಯ್ತು."

ಈ ಹೊತ್ತಿನಲ್ಲಿ ಬೇರೆ ಯಾರಾದರೂ ಆಗಿದ್ದರೆ ನಕ್ಕು ಒಪ್ಪಿಕೊಳ್ಳುತ್ತಿದ್ದರು. ಕದಿರೇಶ ಬೇರೆ ಯಾರೂ ಆಗಿರಲಿಲ್ಲ. "ಅದು ಹೋದ ತಿಂಗಳ ಮಾತು. ಈಗ ನಂದು ಹಳದಿ" ಎಂದುಬಿಟ್ಟ. ಭಾವಮೈದುನ ಸಂತೋಷಪಟ್ಟ. ಎಷ್ಟು ಸಂತೋಷಪಟ್ಟನೆಂದರೆ, ಆಗಸ್ಟ್ ಹದಿನೈದಕ್ಕೆ ಶಾಲೆಯ ಮೈದಾನದಲ್ಲಿ ನಡೆಯುವ ಕರಾಟೆ ಪ್ರದರ್ಶನ ನೋಡಲು ಸಂಸಾರ ಸಮೇತ ಬರುತ್ತೇನೆಂದ.

ಹಳದಿ ಬೆಲ್ಟಿನ ಪರೀಕ್ಷೆ ಇದ್ದದ್ದು ದೀಪಾವಳಿ ಕಳೆದ ಮೇಲೆ. ಮಾಸ್ಟರು ಈ ವಿಷಯದಲ್ಲಿ ಬಂಡೆ. ಕದಿರೇಶ ಮಂಚದ ಮೇಲೆ ಕೂತು ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತಲೇ ಇದ್ದ. ಇಡೀ ಬೆಲ್ಟು ಬಿಳಿ. ತುದಿಯಲ್ಲಿ ಮಾತ್ರ, ಅಮ್ಮ ಇಟ್ಟ ಬೊಟ್ಟು ಹರಡಿ, ಒಂದು ಗೇಣಷ್ಟು ಜಾಗ ಚೊಕ್ಕ ಹಳದಿಯಾಗಿತ್ತು. ಥೇಟ್ ಹಳದಿ ಬೆಲ್ಟಿನ ಹಳದಿ. ಕದಿರೇಶನಿಗೆ ಆ ಕ್ಷಣದಲ್ಲಿ ಹಿಂದೂ ಸಂಪ್ರದಾಯದ ಮೇಲೆ ಅಪಾರ ಭಕ್ತಿ ಹುಟ್ಟಿತು.

"ಅಮ್ಮ, ಹೊಸ ಬಟ್ಟೆಗೆ ಬರೀ ತುದೀಗೆ ಹಚ್ಚಿದ್ರೆ ಸಾಕಾ? ಪೂರಾ ಹಚ್ಚಿದ್ರೆ ಇನ್ನೂ ಒಳ್ಳೇದಲ್ವಾ?"

ದೊಡ್ಡಗಂಗಮ್ಮನ ಕಣ್ಣು ತುಂಬಿ ಬಂತು. ಶನಿವಾರ ಆಂಜನೇಯನ ಗುಡಿಗೆ ಹೋಗೆಂದರೆ ಸ್ಕೂಟರ್ ಪಂಚರ್ ಎನ್ನುತ್ತಿದ್ದ ಮಗ ಇವನೇನಾ? "ಈವಾಗ್ಲಾದ್ರೂ ಬುದ್ಧಿ ಬಂತಲ್ಲಪ್ಪ" ಎಂದು ಒರಳಿನಲ್ಲಿ ಅರಿಶಿನದ ಕೊಂಬು ಕುಟ್ಟಿ, ಅರೆದು, ಪಾತ್ರೆ ತುಂಬ ಕಲಸಿ, ಬೆಲ್ಟನ್ನು ಅದರಲ್ಲಿ ಮುಳುಗಿಸಿ ತೆಗೆದಳು. ಒಗೆಯುವುದಕ್ಕೆ ತಾನೇ ನಿಷೇಧ, ಅದ್ದುವುದಕ್ಕೆ ಯಾರೂ ಏನೂ ಹೇಳಿರಲಿಲ್ಲ.

ಶ್ರಾವಣದ ಮೋಡ, ಬಿಸಿಲಿಲ್ಲ. ದಪ್ಪ ಬಟ್ಟೆ ಫ್ಯಾನಿನ ಕೆಳಗೆ ನೇತಾಡಿ ಮೇಲೆ ಒಣಗಿತು, ಒಳಗೆ ಹಸಿಯಾಗಿಯೇ ಉಳಿಯಿತು. ಶೋಭಾರಾಣಿ ಅದನ್ನು ಮೂಸಿ, ಗಂಡನನ್ನು ನೋಡಿ, "ಇದೇನ್ರೀ, ಹುಳಿಗೆ ಒಗ್ಗರಣೆ ಹಾಕ್ದಂಗೆ ವಾಸನೆ" ಎಂದಳು. "ಭಕ್ತಿ" ಎಂದ ಕದಿರೇಶ. ಅವಳು ಮುಂದೆ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ಒಂದು ಗೊತ್ತಾಗಿತ್ತು: ಈ ಮನುಷ್ಯನನ್ನು ಬೀಳದಂತೆ ತಡೆಯುವುದಕ್ಕಿಂತ ಬಿದ್ದ ಮೇಲೆ ಎತ್ತುವುದು ಸುಲಭ.

ಆಗಸ್ಟ್ ಹದಿನೈದು ಬಂತು. ಬಾವುಟ ಹಾರಿಸಲೆಂದು ಮೈದಾನದ ತುಂಬ ಸುಣ್ಣದ ಪುಡಿಯಲ್ಲಿ ಹೊಸದಾಗಿ ಗೆರೆ ಎಳೆದಿದ್ದರು. ಬಾವುಟ ಏರಿತು, ಭಾಷಣಗಳಾದವು, ಮಕ್ಕಳಿಗೆ ಲಾಡು ಹಂಚಿದ್ದಾಯಿತು. ಅನಿಲ್‌ಕುಮಾರ ಮುಂದಿನ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಪಕ್ಕದಲ್ಲಿ ಶೋಭಾರಾಣಿ, ದೊಡ್ಡಗಂಗಮ್ಮ. ಕರಾಟೆಯವರು ಸಾಲಾಗಿ ಬಂದಾಗ ಕದಿರೇಶ ಕೊನೆಯ ಜಾಗ ಬಿಟ್ಟು, ಹಳದಿ ಬೆಲ್ಟಿನ ಮಕ್ಕಳ ನಡುವೆ ಗಟ್ಟಿಯಾಗಿ ನಿಂತುಬಿಟ್ಟ. ವೆಂಕಟ್ ಮಾಸ್ಟರ ಹುಬ್ಬು ಮೇಲೇರಿತು. ಊರೆಲ್ಲ ನೋಡುತ್ತಿತ್ತು, ಅವರು ಪ್ರದರ್ಶನ ಶುರು ಮಾಡಿಸಿದರು. ರಂಜಿತ ಮಾತ್ರ ಅಪ್ಪನ ಸೊಂಟವನ್ನೇ ನೋಡಿದಳು. ಅವಳ ಮುಖ ಸಣ್ಣದಾಯಿತು. ಆ ಹಳದಿಗಾಗಿ ಅವಳು ಒಂದು ಇಡೀ ವರ್ಷ ಮೊಣಕಾಲು ತರಚಿಕೊಂಡಿದ್ದಳು. ಕದಿರೇಶನಿಗೆ ಅದು ಗೊತ್ತಿತ್ತು, ಗೊತ್ತಿದ್ದೂ ಕಣ್ಣು ಬೇರೆ ಕಡೆ ತಿರುಗಿಸಿದ. ಅವನ ಜನ್ಮದಲ್ಲಿ ಮೊದಲ ಬಾರಿಗೆ ಅವನ ಮೇಲೆ ಅವನಿಗೇ ನಾಚಿಕೆಯಾಯಿತು.

ನಾಚಿಕೆ ಹೆಚ್ಚು ಹೊತ್ತು ಇರಲಿಲ್ಲ, ಏಕೆಂದರೆ ಪುಷಪ್ಸ್ ಶುರುವಾಯಿತು. ಮಕ್ಕಳು ಮುಷ್ಟಿಯೂರಿ ಸರಸರ ಏರಿಳಿದರು. ಕದಿರೇಶ ಇಳಿದ. ಇಳಿದವನು ಏರಲಿಲ್ಲ. ಹೊಟ್ಟೆ ಕೆಳಗಿನ ಸುಣ್ಣದ ಗೆರೆಯ ಮೇಲೆ ನಿಂತಿತು, ಅಲ್ಲೇ ಅತ್ತಿಂದಿತ್ತ ಹೊರಳಿತು. ಮೇಲೆ ಬೆವರು, ಒಳಗೆ ಹಸಿ ಅರಿಶಿನ, ಕೆಳಗೆ ಹೊಚ್ಚ ಹೊಸ ಸುಣ್ಣ. ಇವು ಮೂರೂ ಸೇರಿದರೆ ಏನಾಗುತ್ತದೆ ಎಂದು ನಮ್ಮ ಕಡೆ ಆರತಿ ತಟ್ಟೆ ಹಿಡಿದ ಎಲ್ಲ ಹೆಂಗಸರಿಗೂ ಗೊತ್ತು. ಆರತಿ ತಟ್ಟೆ ಹಿಡಿಯದ ಕದಿರೇಶನಿಗೆ ಗೊತ್ತಿರಲಿಲ್ಲ.

ಅವನು ಎದ್ದು ನಿಂತಾಗ ಬೆಲ್ಟು ಕೆಂಪಾಗಿತ್ತು. ಬಿಳಿ ಅಂಗಿಯ ಹೊಟ್ಟೆಯ ಮೇಲೆ ಕೆಂಪು ಇಳಿಯುತ್ತಿತ್ತು.

"ಅಯ್ಯೋ ದೇವುಡಾ, ನನ್ ಮಗನ್ ಹೊಟ್ಟೆ ಒಡೆದೋಯ್ತು" ಎಂದು ದೊಡ್ಡಗಂಗಮ್ಮ ಕುರ್ಚಿಗಳನ್ನು ದಾಟಿ ಓಡಿ ಬಂದಳು. ಹಲ್ಲು ಬಿದ್ದ ಪುಟ್ಟಿ ಅಳತೊಡಗಿತು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿ ಎಂದರು. ಕದಿರೇಶ ತನ್ನ ಹೊಟ್ಟೆ ತಾನೇ ನೋಡಿಕೊಂಡು, ನೋವಿಲ್ಲದಿದ್ದರೂ ನಿಧಾನಕ್ಕೆ ಕೂತುಕೊಂಡ.

ದೊಡ್ಡಗಂಗಮ್ಮ ಬೆಲ್ಟು ಮುಟ್ಟಿದಳು, ಬೆರಳು ಮೂಸಿದಳು. ಅವಳ ಅಳು ಟಕ್ಕನೆ ನಿಂತಿತು.

"ರಕ್ತ ಅಲ್ಲ ಕಣ್ರಪ್ಪ, ಆರತಿ ನೀರು. ಇದು ನಾನೇ ಅರೆದ ಅರಿಶಿನ. ಪೂರಾ ಬೆಲ್ಟಿಗೆ ಹಚ್ಚಮ್ಮಾ ಅಂತ ಇವನೇ ಕೇಳಿ ಹಚ್ಚಿಸ್ಕೊಂಡ, ಸುಣ್ಣ ತಗುಲಿ ಕೆಂಪಾಗೈತೆ. ಏನೂ ಆಗಿಲ್ಲ, ನನ್ ಮಗನ ದೃಷ್ಟಿ ಹೋಯ್ತು ಅಷ್ಟೇ."

ಭಾಷಣದ ಮೈಕು ಪಕ್ಕದಲ್ಲೇ ಇತ್ತು, ಆರಿಸಿರಲಿಲ್ಲ. ಆಕೆಯ ಮಾತು ರೈಲ್ವೆ ಸ್ಟೇಷನ್ನಿನವರೆಗೂ ಕೇಳಿಸಿತು.

ಮೈದಾನ ನಕ್ಕಿತು. ಅನಿಲ್‌ಕುಮಾರ ನಕ್ಕು ನಕ್ಕು ಕುರ್ಚಿಯ ಕೈ ಹಿಡಿದುಕೊಂಡ. ವೆಂಕಟ್ ಮಾಸ್ಟರು ಮಾತ್ರ ನಗದೆ ಬಂದು, ಎರಡೂ ಕೈ ತೊಡೆಗೆ ಅಂಟಿಸಿ, ಕದಿರೇಶನಿಗೆ ಆಳವಾಗಿ ಬಾಗಿ ವಂದಿಸಿದರು.

"ಕದಿರೇಶ್ ಸಾರ್, ಕೆಲವು ಕಡೆ ಕೆಂಪು ಬೆಲ್ಟು ಕಪ್ಪಿಗಿಂತ ಮೇಲಿಂದು. ಅದು ಸಿಗೋ ಹೊತ್ತಿಗೆ ಹಲ್ಲು ಬಿದ್ದು ಕೂದಲು ನೆರೆತಿರ್ತದೆ. ನೀವು ಒಂದು ಪುಷಪ್ಪಲ್ಲಿ ಮುಗಿಸಿದ್ರಿ. ಅದೂ ಅರ್ಧ."

ಆಮೇಲೆ ತಮ್ಮ ಚೀಲದಿಂದ ಹೊಸ ಬಿಳಿ ಬೆಲ್ಟು ತೆಗೆದು ರಂಜಿತಳ ಕೈಗೆ ಕೊಟ್ಟರು. ಸೀನಿಯರು ಜೂನಿಯರಿಗೆ ಕಟ್ಟುವುದು ಪದ್ಧತಿ. ಹುಡುಗಿ, ಎದ್ದು ನಿಂತ ಅಪ್ಪನ ಮುಂದೆ ಮೊಣಕಾಲೂರಿ, ಕೆಂಪು ಬೆಲ್ಟು ಬಿಚ್ಚಿ, ಬಿಳಿಯದನ್ನು ಸುತ್ತಿ ಗಂಟು ಹಾಕಿದಳು. ಕದಿರೇಶ ತಲೆ ತಗ್ಗಿಸಿ ನಿಂತಿದ್ದ.

"ತಪ್ಪಾಯ್ತಮ್ಮ" ಎಂದ, ಮೈಕಿಗೆ ಕೇಳದಂತೆ.

"ಕೊನೇಲಿ ನಿಂತ್ರೂ ಎಲ್ರಿಗಿಂತ ಜೋರಾಗಿ ಕೂಗೋನು ನೀನೇ ಅಪ್ಪ. ಅದು ನಂಗೆ ಇಷ್ಟ ಇತ್ತು" ಎಂದಳು ರಂಜಿತ, ಗಂಟು ಬಿಗಿಯುತ್ತ. ಕದಿರೇಶನ ಕಣ್ಣು ಒದ್ದೆಯಾಯಿತು. ಅವನು ಕೊನೆಗೆ ಹೋಗಿ, ಪುಟ್ಟಿಯ ಪಕ್ಕದಲ್ಲಿ ನಿಂತು, ಕಾಂಪೌಂಡು ಅದುರುವಂತೆ ಕೂಗಿದ.

ಅಂದಿನಿಂದ ಅವನು ನಿಜವಾಗಿ ದುಡಿದ. ಬೆಳಗ್ಗೆ ಎದ್ದು ಟೇಕಲ್ ಬೆಟ್ಟದ ಬುಡದವರೆಗೆ ಓಡಿದ, ಮುದ್ದೆ ಒಂದಕ್ಕೆ ಇಳಿಸಿದ, ಪುಷಪ್ಸಿನಲ್ಲಿ ಇಳಿದಷ್ಟೇ ಸಲ ಏರುವುದನ್ನು ಕಲಿತ. ದೀಪಾವಳಿ ಕಳೆದು ಪರೀಕ್ಷೆ ನಡೆಯಿತು. ವೆಂಕಟ್ ಮಾಸ್ಟರು ಒಂದು ನಗುವನ್ನೂ ಸಾಲ ಕೊಡದೆ, ಎಲ್ಲ ಹೊಡೆತವನ್ನೂ ಎರಡೆರಡು ಸಲ ಮಾಡಿಸಿ, ಕೊನೆಗೆ ಹಳದಿ ಬೆಲ್ಟು ಕೊಟ್ಟರು. ಅಸಲಿ ಹಳದಿ, ಅಂಗಡಿಯಿಂದ ಬಂದದ್ದು.

ಮನೆಗೆ ಬಂದು ಎದೆಯುಬ್ಬಿಸಿ ನಿಂತ. ದೊಡ್ಡಗಂಗಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮಗನನ್ನು ನೋಡಿದಳು, ಬೆಲ್ಟು ನೋಡಿದಳು, ಅಡುಗೆಮನೆಯ ಕಡೆ ತಿರುಗಿದಳು.

"ಶೋಭಾ, ಅರಿಶಿನದ ಡಬ್ಬ ನೋಡೇ, ಖಾಲಿಯಾಗಿದ್ಯಾ?"

"ಅಮ್ಮ, ಇದು ನಿಜವಾದ್ದು."

"ಹೋದ ಸಲಾನೂ ನಿಜವಾದ್ದೇ ಕಣೋ, ಕೊಂಬು ಅರಿಶಿನ" ಎನ್ನುತ್ತ ಆಕೆ ಬೆರಳ ತುದಿಯ ಸುಣ್ಣವನ್ನು ಬೆಲ್ಟಿಗೆ ಒರೆಸಿ ಕಾದಳು. ಶೋಭಾರಾಣಿ ಸೌಟು ಹಿಡಿದೇ ಬಂದು ಕಾದಳು. ಬೆಲ್ಟು ಕೆಂಪಾಗಲಿಲ್ಲ.

"ಅಸಲೀನೇ ಕಣೇ" ಎಂದು ದೊಡ್ಡಗಂಗಮ್ಮ ಘೋಷಿಸಿದಳು.

ಕದಿರೇಶನಿಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಬೇಕಿರಲಿಲ್ಲ. ಅವನು ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಸುಖಾಂತವಾಗುತ್ತಿತ್ತು. ಆದರೆ ಟೀ ಅಂಗಡಿಯಲ್ಲಿ ಯಾರೋ "ಈ ಸಲ ಯಾವ ಅಂಗಡಿ ಅರಿಶಿನ ಕದಿರಣ್ಣ?" ಎಂದರು. ಕದಿರೇಶ ಬೆಲ್ಟು ಬಿಚ್ಚಿ ಬೆಂಚಿನ ಮೇಲಿಟ್ಟು, "ಸುಣ್ಣ ತಗೊಂಬಾರಯ್ಯ, ಹಚ್ಚಿ ನೋಡು" ಎಂದ. ಹಚ್ಚಿ ನೋಡಿದರು. ಕಂಪನಿಗೆ ಒಯ್ದ, ಅಲ್ಲೂ ಹಚ್ಚಿ ನೋಡಿದರು. ನೆಂಟರ ಮದುವೆಗೆ ಒಯ್ದ, ತಾಂಬೂಲದ ತಟ್ಟೆ ಹೇಗೂ ಇತ್ತು. ಅನಿಲ್‌ಕುಮಾರ ಶ್ರೀನಿವಾಸಪುರದಿಂದ ಸುಣ್ಣದ ಡಬ್ಬಿ ಜೇಬಿನಲ್ಲಿಟ್ಟುಕೊಂಡೇ ಬಂದ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಪರೀಕ್ಷಿಸಿ, "ಒಪ್ಕೊಂಡೆ ಬಾವಾ" ಎಂದು ಕೈ ಕುಲುಕಿದ. ಯಾರ ಕೈಯಲ್ಲೂ ಬೆಲ್ಟು ಕೆಂಪಾಗಲಿಲ್ಲ. ಕದಿರೇಶ ಗೆದ್ದುಬಿಟ್ಟ.

ಮುಂದಿನ ತರಗತಿಗೆ ಅವನು ರಾಜಗಾಂಭೀರ್ಯದಿಂದ ಹೋಗಿ ಹಳದಿಯವರ ಸಾಲಿನಲ್ಲಿ ನಿಂತ. ಅಂದು ಹೊಸದಾಗಿ ಒಬ್ಬರು ಸೇರಿದ್ದರು, ರಿಟೈರ್ಡ್ ಪೋಸ್ಟ್‌ಮಾಸ್ಟರ್ ಗಂಗುಲಪ್ಪನವರು, ಅವರಿಗೂ ಸಕ್ಕರೆ. ಮಡಿಕೆ ಬಿಚ್ಚದ ಬಿಳಿ ಡ್ರೆಸ್ಸಿನಲ್ಲಿ ಕಾಂಪೌಂಡಿನ ಪಕ್ಕ ಒಬ್ಬರೇ ನಿಂತಿದ್ದವರು, ಕದಿರೇಶನ ಸೊಂಟ ನೋಡಿ ಮುಖ ಅರಳಿಸಿದರು.

"ಬನ್ನಿ ಸಾರ್, ಬನ್ನಿ. ನಮ್ ಜಾಗ ಇಲ್ಲೇ ಅಂತೆ. ನೀವೂ ಇವತ್ತೇ ಸೇರಿದ್ದಾ?"

ಕದಿರೇಶ ಬಗ್ಗಿ ನೋಡಿಕೊಂಡ. ಬಗ್ಗುವುದು ಈಗ ಸಲೀಸಾಗಿತ್ತು, ಹಾಗಾಗಿ ಚೆನ್ನಾಗಿಯೇ ಕಂಡಿತು. ಇಡೀ ಟೇಕಲ್, ಮಾಲೂರು, ಶ್ರೀನಿವಾಸಪುರ ಸೇರಿ ಹಚ್ಚಿದ ಸುಣ್ಣ ಒಣಗಿ, ನೂಲಿನೊಳಗೆ ಕೂತು, ಬೆಲ್ಟು ತುದಿಯಿಂದ ತುದಿಗೆ ಬೆಳ್ಳಗಾಗಿತ್ತು.

ಅವನು ಮುಂದೆ ನಿಂತಿದ್ದ ಮಗಳ ಕಡೆ ನೋಡಿದ. "ರಂಜಿ, ಒಂದ್ಸಲ, ಒಂದೇ ಒಂದ್ಸಲ ಒಗೆದ್ರೆ?"

"ಒಗೆಯಂಗಿಲ್ಲ ಅಪ್ಪ" ಎಂದಳು ರಂಜಿತ, ತುಟಿ ಕಚ್ಚಿ ನಗು ತಡೆದುಕೊಂಡು. "ವಿದ್ಯೆ ತೊಳೆದು ಹೋಯ್ತದೆ."